ಲೋಕ ಮುಳುಗುವ ವಾರದ ಪಾಠ

ನನ್ನ ನೆಮ್ಮದಿ ಕೆಟ್ಟದ್ದು ಪರೀಕ್ಷೆಯ ಒಂದು ಉತ್ತರದಿಂದ. ಪ್ರಶ್ನೆ ತೀರಾ ಸುಲಭದ್ದಾಗಿತ್ತು: ನಮ್ಮ ಮುಖ್ಯ ಆಹಾರ ಯಾವುದು? ಆರನೇ ತರಗತಿಯ ಹುಡುಗಿಯೊಬ್ಬಳು ಗುಂಡಗಿನ ಅಕ್ಷರದಲ್ಲಿ ಬರೆದಿದ್ದಳು: "ನಮ್ಮ ಮುಖ್ಯ ಆಹಾರ ರಾಗಿ. ಆದರೆ ನಾವು ಗಂಜಿ ಊಟ ಮಾಡುತ್ತೇವೆ."

ಬಂಟ್ವಾಳ ಪೇಟೆಯ ಶಾಲೆಯೊಂದರಲ್ಲಿ ನಾನು ಆಗ ಟೀಚರ್. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಪಾಠಪುಸ್ತಕಗಳು ಘಟ್ಟದ ಮೇಲಿನಿಂದ ಬರುತ್ತಿದ್ದವು, ಅವುಗಳಲ್ಲಿ ಬಯಲು ಸೀಮೆಯ ಹೊಲಗಳಿದ್ದವು, ಕೆರೆಗಳಿದ್ದವು, ರಾಗಿ ಇತ್ತು. ಹಸುಗೂಸುಗಳಿಗೆ ತಿನ್ನಿಸುವ ಮಣ್ಣಿಯಲ್ಲಿ ಬಿಟ್ಟರೆ ನಮ್ಮ ಮಕ್ಕಳು ರಾಗಿಯನ್ನು ಕಂಡವರೇ ಅಲ್ಲ. ಆದರೂ ತರಗತಿಯ ಉಳಿದವರೆಲ್ಲ "ರಾಗಿ" ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದರು. ಇವಳೊಬ್ಬಳಿಗೆ ಹಾಗೆ ಹೋಗಲಾಗಿರಲಿಲ್ಲ.

ಮರುದಿನ ಅವಳನ್ನು ಕರೆದು ಕೇಳಿದೆ. "ಎಂತಕ್ಕೆ ಹೀಗೆ ಬರೆದದ್ದು?"

ಬೈಯುತ್ತೇನೆಂದು ಹೆದರಿ ಅವಳು ಜಡೆಯ ತುದಿ ಹಿಡಿದು ನಿಂತಳು. "ಪುಸ್ತಕದಲ್ಲಿ ಹಾಗೆ ಉಂಟು ಟೀಚರ್. ಮನೆಯಲ್ಲಿ ಹೀಗೆ ಉಂಟು. ಯಾವುದನ್ನು ಬಿಡುವುದು ಅಂತ ಗೊತ್ತಾಗ್ಲಿಲ್ಲ."

ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಹೆಡ್ಮಾಸ್ಟ್ರು ಅದನ್ನು ನೋಡಿ, "ಒಂದು ಪ್ರಶ್ನೆಗೆ ಎರಡು ಉತ್ತರ ಬರೆದರೆ ಮಾರ್ಕು ಕೊಡ್ಲಿಕ್ಕುಂಟಾ ಟೀಚರ್?" ಎಂದರು. ಅವರು ಕೆಟ್ಟವರಲ್ಲ. ಮೂಗಿಗೆ ಜಾರಿದ ಕನ್ನಡಕದ ಮೇಲಿನಿಂದ ನೋಡುತ್ತಾ, ಯಾವ ವಿಷಯವೂ ದೊಡ್ಡದಾಗದಂತೆ ನೋಡಿಕೊಳ್ಳುವುದೇ ತಮ್ಮ ಕೆಲಸವೆಂದು ತಿಳಿದಿದ್ದವರು. ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಆದರೆ ಅಂದಿನಿಂದ ಪಾಠ ಓದಿಸುವಾಗಲೆಲ್ಲ ಒಳಗೆ ಏನೋ ಕುಟುಕುತ್ತಿತ್ತು. ಕಂಡದ್ದನ್ನು ಬಿಟ್ಟು ಓದಿದ್ದನ್ನು ಬರೆಯಲು ಈ ಮಕ್ಕಳಿಗೆ ಇಷ್ಟು ಬೇಗ ಹೇಗೆ ಅಭ್ಯಾಸವಾಯಿತು? ನಾನೇ ಅಲ್ಲವೇ ದಿನವೂ ಮಾಡಿಸುತ್ತಿರುವುದು?

ನಾನು ಕಲಿತದ್ದೂ ಹಾಗೆಯೇ. ಐವತ್ತರ ದಶಕದ ಮೊದಲಲ್ಲಿ ಮೂಡುಬಿದಿರೆಯ ಶಾಲೆಯಲ್ಲಿ ಕೈಕಟ್ಟಿ ಕುಳಿತು, ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿ ಬಹುಮಾನ ಪಡೆದವಳು. ನಮ್ಮದು ಬಸದಿಯ ಹತ್ತಿರದ ಜೈನರ ಮನೆ. ಸಂಜೆ ಸೂರ್ಯ ಮುಳುಗುವ ಮೊದಲು ಊಟ, ಆಮೇಲೆ ಅಪ್ಪ ಓದುವುದು, ನಾವು ಕೇಳುವುದು. ನಡುವೆ ಬಾಯಿ ಹಾಕಿದರೆ ಅಪ್ಪ ಸಿಟ್ಟಾಗುತ್ತಿರಲಿಲ್ಲ. ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದರು. ಅದು ಸಿಟ್ಟಿಗಿಂತ ಹೆಚ್ಚು ನೋಯುತ್ತಿತ್ತು. ಪ್ರಶ್ನೆ ಎಂದರೆ ಯಾರೋ ಎದ್ದು ಹೋಗುವುದು ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಆ ವರ್ಷದಿಂದ ದಿನದ ಕೊನೆಯ ಪಿರಿಯಡ್ಡನ್ನು ನಾನು ಬೇರೆ ರೀತಿ ನಡೆಸತೊಡಗಿದೆ. ಯಾರಾದರೂ ಒಂದು ಸಂಗತಿ ಹೇಳಬೇಕು. ಉಳಿದವರು ಕೇಳಬೇಕು: "ಗೊತ್ತಾದದ್ದು ಹೇಗೆ?" ನೀನೇ ಕಂಡದ್ದೋ, ಕಂಡವರು ಹೇಳಿದ್ದೋ, ಯಾರೋ ಹೇಳಿದ್ದನ್ನು ಇನ್ಯಾರೋ ಹೇಳಿದ್ದೋ? ಮೊದಲು ಮಕ್ಕಳಿಗೆ ಬಾಯಿಯೇ ಬರಲಿಲ್ಲ. ಮನೆಯಲ್ಲಿ ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ಕೊಂಕಣಿಯಲ್ಲೋ ಅರಳು ಹುರಿದಂತೆ ಮಾತಾಡುವವರು ಕನ್ನಡಕ್ಕೆ ಬಂದ ಕೂಡಲೇ ಪುಸ್ತಕವಾಗಿಬಿಡುತ್ತಿದ್ದರು. ನಾನು ಯಾವ ಭಾಷೆಯಾದರೂ ಆಗಬಹುದು ಎಂದೆ. ಆಮೇಲೆ ನೋಡಬೇಕಿತ್ತು. ನೇತ್ರಾವತಿಯ ಗುಂಡಿಯಲ್ಲಿ ಮೊಸಳೆ ಉಂಟು ಎಂದು ಒಬ್ಬ ಹೇಳಿದರೆ, ಅದನ್ನು ಕಂಡವರು ಯಾರು, ಅವರು ಈಗ ಎಲ್ಲಿದ್ದಾರೆ, ಕಂಡದ್ದು ಮೊಸಳೆಯೋ ತೇಲಿಬಂದ ಮರವೋ ಎಂದು ಎಲ್ಲರೂ ಸೇರಿ ಅವನ ಬೆವರಿಳಿಸುತ್ತಿದ್ದರು. ಪಕ್ಕದ ತರಗತಿಯ ಮಾಸ್ಟ್ರು ಬಂದು, "ನಿಮ್ಮಲ್ಲಿ ಎಂತ, ಮೀನು ಮಾರ್ಕೆಟಾ?" ಎಂದು ಕೇಳಿ ಹೋಗುತ್ತಿದ್ದರು.

ರಾಗಿಯ ಹುಡುಗಿ ಮಾತು ಕಡಿಮೆ. ಉಳಿದವರು ಕೂಗಾಡಿ ಸುಸ್ತಾದ ಮೇಲೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು. ಮರುದಿನದ ಪಿರಿಯಡ್ಡು ಅದರಿಂದಲೇ ಶುರುವಾಗುತ್ತಿತ್ತು.

ಅವಳು ಏಳನೇ ತರಗತಿಗೆ ಬಂದ ವರ್ಷ, ಅರವತ್ತೆರಡರ ಆರಂಭದಲ್ಲಿ, ಲೋಕ ಮುಳುಗುತ್ತದೆ ಎಂಬ ಸುದ್ದಿ ಬಂತು.

ಮಕರ ರಾಶಿಯಲ್ಲಿ ಎಂಟು ಗ್ರಹಗಳು ಒಟ್ಟು ಸೇರುತ್ತವೆಯಂತೆ. ಫೆಬ್ರವರಿಯ ಮೊದಲ ಶನಿವಾರದಿಂದ ಸೋಮವಾರದೊಳಗೆ ಏನು ಬೇಕಾದರೂ ಆಗಬಹುದಂತೆ. ಪತ್ರಿಕೆಗಳಲ್ಲಿ ಬಂತು, ಹೋಟೆಲುಗಳಲ್ಲಿ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು. ದೇವಸ್ಥಾನಗಳಲ್ಲಿ ಶಾಂತಿಹೋಮಗಳ ಸಿದ್ಧತೆ ನಡೆಯಿತು. ಅಂಗಡಿಯವರು ಸಾಮಾನು ತರಿಸುವುದನ್ನು ಮುಂದೆ ಹಾಕಿದರು. ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದ ಗಂಡನ ಚಿಕ್ಕಮ್ಮ, ವಿಧವೆ, ಬಹಳ ಗಟ್ಟಿಗಿತ್ತಿ, ಅವರೂ ಉಪ್ಪಿನಕಾಯಿ ಹಾಕಲು ತಂದ ಮಾವಿನಮಿಡಿಯನ್ನು ನೋಡಿ, "ಇದು ಹಾಕುವುದಾ ಬೇಡವಾ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ.

ನನಗೆ ಆಗ ಆರನೇ ತಿಂಗಳು. ಮೊದಲ ಬಸಿರು. ಗಂಡನಿಗೆ ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಕೆಲಸ. ಶನಿವಾರ ಬಸ್ಸು ಹಿಡಿದು ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಮೂಡುಬಿದಿರೆಯಿಂದ ಅಮ್ಮ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದರು: ಆ ಮೂರು ದಿನ ನೀನು ಇಲ್ಲಿಗೆ ಬಾ, ಏನಾಗುವುದಿದ್ದರೂ ಬಸದಿಯ ಹತ್ತಿರ ಆಗಲಿ. ನಾನು ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಹೇಳಿ ಕಳಿಸಿದ ಮೇಲೆ ಒಂದು ಕಡೆ ಕುಳಿತಿರಲು ಆಗಲಿಲ್ಲ. ಒಲೆ ಹತ್ತಿಸಿ ಆರಿಸಿದೆ. ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಹೊಟ್ಟೆಯೊಳಗೆ ಮಗು ಒದ್ದಾಗಲೆಲ್ಲ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು.

ಶಾಲೆಯಲ್ಲಿ ಮಕ್ಕಳು ಸುಮ್ಮನಿರಲಿಲ್ಲ. ಕೊನೆಯ ಪಿರಿಯಡ್ಡಿನಲ್ಲಿ ಬೇರೆ ಸಂಗತಿಯೇ ಇರಲಿಲ್ಲ.

"ಲೋಕ ಮುಳುಗುತ್ತದೆ ಅಂತ ಗೊತ್ತಾದದ್ದು ಹೇಗೆ?" ಎಂದು ನಾನೇ ಶುರು ಮಾಡಿದೆ.

"ಜೋಯಿಸರು ಹೇಳಿದ್ರು." "ಪೇಪರಿನಲ್ಲಿ ಉಂಟು." "ನಮ್ಮ ಅಜ್ಜಿ ಹೇಳಿದ್ರು."

ಹೊಳೆಬದಿಯ ಮನೆಯ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನೆರೆ ಬರುವಾಗ ಮೊದಲು ನೀರು ಕೆಂಪಾಗ್ತದೆ. ಆಮೇಲೆ ಕಸಕಡ್ಡಿ ಬರ್ತದೆ. ಆಮೇಲೆ ಮೆಟ್ಟಿಲು ಮುಳುಗ್ತದೆ. ಆಗ ನಾವು ಸಾಮಾನು ಅಟ್ಟಕ್ಕೆ ಹಾಕುವುದು. ಲೋಕ ಮುಳುಗುವುದಾದರೆ ಮೊದಲು ಎಂತ ಕಾಣ್ಬೇಕು?"

ಅದು ಬಂಟ್ವಾಳದ ಮಕ್ಕಳು ಮಾತ್ರ ಕೇಳಬಹುದಾದ ಪ್ರಶ್ನೆ. ಮಳೆಗಾಲದಲ್ಲಿ ಪೇಟೆಗೆ ನೀರು ಬರುವುದನ್ನು ಕಂಡು ಬೆಳೆದವರಿಗೆ ಮುಳುಗುವುದು ಎಂದರೆ ಕತೆಯಲ್ಲ. ಹಾಗಾಗಿ ಹೆದರಿಕೆಯೂ ಹೆಚ್ಚು, ವಿಚಾರವೂ ಹೆಚ್ಚು. ಏನೇನು ಕಾಣಬೇಕು ಎಂದು ಅವರೇ ಚರ್ಚೆ ಮಾಡಿದರು. ಆಗ ರಾಗಿಯ ಹುಡುಗಿ ಮೆಲ್ಲಗೆ ಕೇಳಿದಳು, "ಮುಳುಗುವುದಿಲ್ಲ ಅಂತ ನಿಮಗೆ ಹೇಗೆ ಗೊತ್ತು ಟೀಚರ್?"

ತರಗತಿ ನನ್ನನ್ನೇ ನೋಡಿತು. ನನಗೆ ಗೊತ್ತಿರಲಿಲ್ಲ. ಗ್ರಹಗಳ ವಿಷಯ ನಾನು ಓದಿದ್ದು ಅಷ್ಟಕ್ಕಷ್ಟೇ. "ನನಗೆ ಖಂಡಿತವಾಗಿ ಗೊತ್ತಿಲ್ಲ," ಎಂದೆ. "ಆದರೆ ಮುಳುಗುತ್ತದೆ ಅಂತ ಹೇಳುವವರಿಗೆ ಹೇಗೆ ಗೊತ್ತು ಅಂತ ಯಾರೂ ಹೇಳ್ಲಿಲ್ಲ. ಹೇಳುವವರೆಗೆ ನಾನು ಶಾಲೆಗೆ ಬರ್ತೇನೆ." ಮಾತು ಆಡುವಾಗ ಗಟ್ಟಿಯಾಗಿಯೇ ಆಡಿದೆ. ಮನೆಗೆ ಬರುವಾಗ ದಾರಿ ಬಿಟ್ಟು ಹೋಗಿ, ಹೊಳೆಯ ನೀರು ಕೆಂಪಾಗಿದೆಯೇ ಎಂದು ನೋಡಿ ಬಂದೆ.

ಜನವರಿಯ ಕೊನೆಯ ವಾರ ಅವಳು ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ. ಅವಳ ಮನೆಯ ಹತ್ತಿರದಿಂದ ಬರುತ್ತಿದ್ದ ಗೆಳತಿಯನ್ನು ಕೇಳಿದಾಗ ನಿಜ ಸಂಗತಿ ತಿಳಿಯಿತು.

ಅವಳದು ಪೇಟೆಯಿಂದ ಗುಡ್ಡ ಹತ್ತಿ ಇಳಿದರೆ ಸಿಗುವ ಬೇಸಾಯದ ಮನೆ. ಅಂಥ ಮನೆಗಳಲ್ಲಿ ಆಗ ತಾಯಿಯ ಅಣ್ಣನೇ ಯಜಮಾನ. ಅವಳ ಸೋದರಮಾವ ಮನೆಯ ಒಳಿತಿಗೆಂದು ದೊಡ್ಡ ಶಾಂತಿಹೋಮ ಮಾಡಿಸಲು ನಿಶ್ಚಯಿಸಿದ್ದರು. ಅದರ ಖರ್ಚಿಗೆ ಗುಡ್ಡೆಯ ಬದಿಯ ಕಿರಾಲುಬೋಗಿ ಮರಗಳನ್ನು ಕೊಡುವ ಮಾತಾಗಿತ್ತು. ಸೇತುವೆಗೂ ದೋಣಿಗೂ ಬಳಸುವ, ತಲೆಮಾರುಗಟ್ಟಲೆ ಬೆಳೆಯುವ ಗಟ್ಟಿ ಮರ ಅದು. ಮರದ ವ್ಯಾಪಾರಿ ಬಂದು ಚಾವಡಿಯಲ್ಲಿ ಕುಳಿತು, "ಇನ್ನು ಈ ಮರ ಇಟ್ಟುಕೊಂಡು ನೀವು ಎಂತ ಮಾಡ್ತೀರಿ? ಲೋಕವೇ ಇರುವ ಭರವಸೆ ಇಲ್ಲ. ಸಿಕ್ಕಿದ್ದಕ್ಕೆ ಕೊಟ್ಟು ದೇವರ ಕೆಲಸ ಮಾಡಿಸಿ ಪುಣ್ಯ ಕಟ್ಟಿಕೊಳ್ಳಿ" ಎಂದು ಹೇಳುತ್ತಿದ್ದನಂತೆ. ಇವಳು ಅವನಿಗೆ ಬೆಲ್ಲ, ನೀರು ತಂದಿಟ್ಟವಳು ಅಲ್ಲೇ ನಿಂತು ಕೇಳಿದಳಂತೆ: "ಲೋಕ ಇಲ್ಲದಿದ್ರೆ ನಿಮಗೆ ಮರ ಎಂತಕ್ಕೆ?"

ವ್ಯಾಪಾರಿಯ ಜೊತೆ ಬಂದವರು ನಕ್ಕುಬಿಟ್ಟರಂತೆ. ವ್ಯಾಪಾರಿಯೂ ನಕ್ಕನಂತೆ, ಆದರೆ ಬೇಗ ಎದ್ದನಂತೆ. ಮೆಟ್ಟಿಲು ಇಳಿಯುವಾಗ, "ನಿಮ್ಮ ಮನೆಯಲ್ಲಿ ಈಗ ಮಾತಾಡುವವರು ಯಾರು ಅಂತ ಗೊತ್ತಾಯ್ತು" ಎಂದು ಹೇಳಿ ಹೋದನಂತೆ. ವ್ಯಾಪಾರ ಆಗಲಿಲ್ಲ. ಮಾವ ಹುಡುಗಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. "ಶಾಲೆಗೆ ಹೋದದ್ದು ಸಾಕು" ಎಂದರು. ಅಷ್ಟೇ.

ಅದನ್ನು ಕೇಳಿದಾಗ ಮೊದಲು ನನಗೆ ಆದದ್ದು ಹೆಮ್ಮೆ. ಎಂಥಾ ಪ್ರಶ್ನೆ ಕೇಳಿದ್ದಾಳೆ. ಆಮೇಲೆ ಕ್ಯಾಲೆಂಡರು ನೋಡಿದೆ. ಪರೀಕ್ಷೆ ಹತ್ತಿರವಿತ್ತು. ನಾನು ಕಲಿಸಿದ ಪಾಠ ಅವಳ ಓದನ್ನೇ ತಿಂದಿತ್ತು. ಈ ಪ್ರಶ್ನೆಗಳು ನನ್ನ ತರಗತಿಯ ನಾಲ್ಕು ಗೋಡೆಯೊಳಗೆ ಚೆಂದ. ಅವನ್ನು ಹೊತ್ತುಕೊಂಡು ಮಕ್ಕಳು ಹೋಗಿ ಇರಬೇಕಾದ ಮನೆಗಳು ಯಾವುವು ಎಂದು ನಾನು ಯೋಚಿಸಿದ್ದೆನೇ?

ಗುರುವಾರ ಶಾಲೆ ಬಿಟ್ಟ ಮೇಲೆ ಗುಡ್ಡ ಹತ್ತಿದೆ. ಚಿಕ್ಕಮ್ಮ ಬೇಡವೆಂದರೂ ಕೇಳಲಿಲ್ಲ. ಗೇರುಮರಗಳು ಹೂ ಬಿಟ್ಟ ಸಮಯ. ಆ ಘಾಟು ವಾಸನೆಗೆ ತಲೆ ಸುತ್ತಿ ಎರಡು ಕಡೆ ಕುಳಿತು ಹೋದೆ. ಮನೆ ತಲುಪುವಾಗ ಯಜಮಾನರು ಅಂಗಳದಲ್ಲಿ ಬೈಹುಲ್ಲು ಬಿಡಿಸುತ್ತಿದ್ದರು. ಎತ್ತರದ ಆಳು, ನೆರೆತ ಮೀಸೆ, ಹೆಗಲಲ್ಲಿ ಬೈರಾಸು ವಸ್ತ್ರ. ನನ್ನ ಸ್ಥಿತಿ ನೋಡಿ ತಂಗಿಯನ್ನು ಕರೆದು ಚಾಪೆ ಹಾಸಿಸಿದರು. ನನ್ನೊಡನೆ ತುಳುವಿನಲ್ಲಿ ಮಾತಾಡಬಹುದಿತ್ತು. ಆದರೆ ಶಾಲೆಯ ವಿಷಯ ಕನ್ನಡದಲ್ಲೇ ಆಗಬೇಕು ಎಂದಿತ್ತೋ ಏನೋ, ಒಂದೊಂದೇ ಶಬ್ದ ಆಯ್ದು ಕನ್ನಡದಲ್ಲೇ ಮಾತಾಡಿದರು.

"ನೀವು ಇಷ್ಟು ದೂರ ಬರಬಾರದಿತ್ತು ಟೀಚರ್. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ಪರೀಕ್ಷೆ ಹತ್ತಿರ ಬಂತು. ಅವಳು ಚೆನ್ನಾಗಿ ಓದುವ ಹುಡುಗಿ. ಅವಳು ಕೇಳಿದ್ದು ತಪ್ಪಾಗಿದ್ದರೆ..."

"ತಪ್ಪಾಗಿದ್ರೆ ಒಂದು ಪೆಟ್ಟು ಕೊಟ್ಟು ಮರೆತುಬಿಡ್ತಿದ್ದೆ," ಎಂದರು ಅವರು. "ಅವಳು ಕೇಳಿದ್ದು ಸರಿ. ಅದೇ ಕಷ್ಟ. ಅವ ಮೋಸ ಮಾಡ್ತಿದ್ದಾನೆ ಅಂತ ನನಗೆ ತಿಳಿಯಲಿಲ್ಲ. ಹನ್ನೆರಡು ವರ್ಷದ ಮಗುವಿಗೆ ತಿಳಿಯಿತು. ಅದು ನಾಲ್ಕು ಜನರ ಎದುರು. ಇನ್ನು ನಾನು ಈ ಚಾವಡಿಯಲ್ಲಿ ಹೇಗೆ ಕೂತುಕೊಳ್ಳುವುದು?"

ಅವರು ಬೈಹುಲ್ಲಿನ ಕಟ್ಟನ್ನು ಬದಿಗೆ ಸರಿಸಿದರು.

"ಕೇಳ್ಲಿಕ್ಕೆ ಕಲಿಸಿದ್ರಿ. ಒಳ್ಳೆಯದು. ಎಲ್ಲಿ ಕೇಳ್ಬೇಕು, ಯಾರ ಎದುರು ಕೇಳ್ಬಾರದು, ಅದನ್ನು ಯಾರು ಕಲಿಸುವುದು? ನಾನಾ, ನೀವಾ?"

ಬಾಗಿಲ ಹಿಂದೆ ಹುಡುಗಿಯ ಬಳೆಯ ಸದ್ದು ಕೇಳಿತು. ಅವಳು ಹೊರಗೆ ಬರಲಿಲ್ಲ. ಅವಳ ತಾಯಿ ಬಿಸಿ ಹಾಲು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೆ ತಲೆ ತಗ್ಗಿಸಿ ನಿಂತಿದ್ದರು. ಹೊರಡುವಾಗ ಯಜಮಾನರು ಒಬ್ಬ ಆಳನ್ನು ಜೊತೆಗೆ ಕಳಿಸಿದರು. ಗುಡ್ಡ ಇಳಿಯುವಷ್ಟು ಹೊತ್ತು ನಾನು ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೆ. ನೀವು ಕಲಿಸಿ ಎಂದು ಹೇಳಬೇಕಿತ್ತು. ಆದರೆ ಅವರು ಕಲಿಸುವುದು ಸುಮ್ಮನಿರುವುದನ್ನು. ನಾನು ಕಲಿಸುತ್ತೇನೆ ಎಂದು ಹೇಳಬೇಕಿತ್ತು. ಆದರೆ ನನಗೇ ಅದು ಗೊತ್ತಿರಲಿಲ್ಲ.

ಶನಿವಾರ ಬಂತು. ತರಗತಿಯಲ್ಲಿ ಬೆಂಚುಗಳೇ ಹೆಚ್ಚು, ಮಕ್ಕಳು ಬೆರಳೆಣಿಕೆ. ಮಧ್ಯಾಹ್ನ ಗಂಡ ಬಂದರು. ಬೆಳ್ತಂಗಡಿಯ ಬಸ್ಸಿನಲ್ಲಿ ಅವರು, ಡ್ರೈವರು, ಕಂಡಕ್ಟರು, ಮತ್ತೊಬ್ಬ ಮುದುಕ, ಅಷ್ಟೇ ಜನರಂತೆ. ಎಂದಿನ ಶನಿವಾರದ ಹಾಗೆಯೇ ಇರಲು ಇಬ್ಬರೂ ಬಹಳ ಪ್ರಯತ್ನಪಟ್ಟೆವು. ಅಮ್ಮ ಮೂಡುಬಿದಿರೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಸದಿಯ ಗಂಧದ ಪೊಟ್ಟಣ ಕಳಿಸಿದ್ದರು. ನಾನು ಅದನ್ನು ಕಪಾಟಿನಲ್ಲಿಟ್ಟೆ. ಭಾನುವಾರ ಬೆಳಗ್ಗೆ ಮಿಂದು ಬಂದು, ಯಾರೂ ಹೇಳದೆಯೇ ಅದನ್ನು ತೆಗೆದು ಹಣೆಗೆ ಹಚ್ಚಿಕೊಂಡೆ, ಹೊಟ್ಟೆಗೂ ಸ್ವಲ್ಪ ಸವರಿಕೊಂಡೆ. ಗಂಡ ನೋಡಿದರು. ನಂಬಿದೆನೇ ಎಂದು ಕೇಳಿದರೆ ಇಲ್ಲ. ಹಾಗಾದರೆ ಹಚ್ಚಿಕೊಂಡದ್ದು ಯಾಕೆ ಎಂದು ಕೇಳಿದರೆ ಕೈ ಸುಮ್ಮನಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸೋಮವಾರವೂ ಕಳೆಯಿತು. ಹೊಳೆ ಹರಿಯುತ್ತಿತ್ತು. ಮಂಗಳವಾರ ಅಂಗಡಿಗಳು ಎಂದಿನಂತೆ ತೆರೆದವು, ಮಕ್ಕಳೆಲ್ಲ ಬಂದರು, ಚಿಕ್ಕಮ್ಮ ಮಿಡಿಗೆ ಉಪ್ಪು ಹಾಕಿದರು. ನನ್ನನ್ನು ಕಾಡಿದ್ದು ಆಮೇಲೆ ನಡೆದದ್ದು. ಹಿಂದಿನ ವಾರ ನಡುಗುತ್ತಿದ್ದವರೇ ಈಗ ತಾವು ನಂಬಿರಲೇ ಇಲ್ಲ ಎನ್ನತೊಡಗಿದರು. ಉಳಿದವರು ಹೋಮದಿಂದಲೇ ಲೋಕ ಉಳಿದದ್ದು ಎಂದರು. ಎರಡೂ ಕಡೆಯವರು ನಿಶ್ಚಿಂತರಾದರು. ನಾವು ಹೆದರಿದ್ದು ಯಾಕೆ, ಯಾರ ಮಾತಿಗೆ, ಎಂದು ಯಾರೂ ತಮ್ಮನ್ನು ಕೇಳಿಕೊಳ್ಳಲಿಲ್ಲ. ಇನ್ನೊಂದು ಸುದ್ದಿ ಬಂದರೆ ಮತ್ತೆ ಹೀಗೆಯೇ ಹೆದರುತ್ತಾರೆ, ಮತ್ತೆ ಹೀಗೆಯೇ ಮರೆಯುತ್ತಾರೆ. ಇದನ್ನು ಶಾಲೆಯಲ್ಲಿ ಕೇಳದಿದ್ದರೆ ಇನ್ನೆಲ್ಲಿ ಕೇಳುವುದು?

ಅದೇ ವಾರ ಹುಡುಗಿಯ ಮಾವ ಶಾಲೆಗೆ ಬಂದರು. ಹುಡುಗಿಯ ಶಾಲೆ ಬಿಡುವ ಸರ್ಟಿಫಿಕೇಟು ತೆಗೆದುಕೊಂಡು ಹೋಗಲು ಬಂದದ್ದು. ಹೆಡ್ಮಾಸ್ಟ್ರಿಗೆ ಮಕ್ಕಳ ಸಂಖ್ಯೆ ಕಡಿಮೆಯಾಗುವುದು ಬೇಡ, ಯಜಮಾನರಿಗೆ ಇಲ್ಲ ಎನ್ನುವ ಧೈರ್ಯವೂ ಇಲ್ಲ. "ಸರ್ಟಿಫಿಕೇಟು ಬರೆಯುವಷ್ಟು ಹೊತ್ತು ಆ ಕ್ಲಾಸಿನಲ್ಲಿ ಕೂತು ನೋಡಿ. ನಿಮ್ಮ ದೂರು ಎಂತ ಉಂಟೋ ಆಮೇಲೆ ಹೇಳಿ," ಎಂದು ನನ್ನ ತರಗತಿಗೆ ಕರೆತಂದರು. ಯಜಮಾನರು ಕೊಡೆಯನ್ನು ಗೋಡೆಗೆ ಒರಗಿಸಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಓರೆಯಾಗಿ ಕುಳಿತರು.

ಬೇರೆ ಪಾಠ ತೆಗೆಯೋಣವೆಂದು ಪುಸ್ತಕಕ್ಕೆ ಕೈಹಾಕಿದೆ. ಅಷ್ಟರಲ್ಲಿ ಹೋಟೆಲಿನವರ ಮಗ ಎದ್ದು, "ಟೀಚರ್, ನಿನ್ನೆ ಅರ್ಧಕ್ಕೆ ನಿಂತಿತ್ತು," ಎಂದ. "ಹೋಮ ಮಾಡಿದ್ದರಿಂದ ಲೋಕ ಉಳಿಯಿತು ಅಂತ ನಮ್ಮ ತಂದೆ ಹೇಳಿದ್ದು."

"ಗೊತ್ತಾದದ್ದು ಹೇಗೆ?" ಎಂದು ಇಡೀ ತರಗತಿ ಒಟ್ಟಿಗೆ ಕೇಳಿತು. ಅಭ್ಯಾಸಬಲ.

"ಹೋಮ ಮಾಡಿದ್ರು. ಲೋಕ ಮುಳುಗ್ಲಿಲ್ಲ. ಮತ್ತೆಂತ ಬೇಕು?"

ಬ್ಯಾರಿ ಮುಸ್ಲಿಮರ ಹುಡುಗನೊಬ್ಬ, "ನಮ್ಮ ಮನೆಯಲ್ಲಿ ಹೋಮ ಇಲ್ಲ. ನಮ್ಮ ಮನೆಯೂ ಉಂಟಲ್ಲ ಮಾರಾಯ," ಎಂದ. ಎಲ್ಲರೂ ನಕ್ಕರು.

"ಎಲ್ಲರಿಗೂ ಸೇರಿಸಿ ಮಾಡಿದ್ದು. ನಿಮ್ಮ ಮನೆಗೂ ಬಂತು."

ಹೊಳೆಬದಿಯ ಹುಡುಗ ಎದ್ದ. "ಹೋಮ ಮಾಡದೆ ಇದ್ದಿದ್ರೆ ಎಂತ ಆಗ್ತಿತ್ತು ಅಂತ ನೋಡ್ಬೇಕಿತ್ತು. ಈಗ ನೋಡ್ಲಿಕ್ಕೆ ಆಗುವುದಿಲ್ಲ."

"ನೋಡ್ಲಿಕ್ಕೆ ಆಗದಿದ್ರೆ ಹೇಳ್ಲಿಕ್ಕೂ ಆಗುವುದಿಲ್ಲ," ಎಂದಳು ಇನ್ನೊಬ್ಬಳು. "ಉಳಿಸಿತು ಅಂತಲೂ ಇಲ್ಲ, ಉಳಿಸ್ಲಿಲ್ಲ ಅಂತಲೂ ಇಲ್ಲ."

ನಾನು ಹಿಂದಿನ ಬೆಂಚನ್ನು ನೋಡಲಿಲ್ಲ. ಆದರೆ ಬೆಂಚು ಸರಿದ ಸದ್ದು ಕೇಳಿತು. ಯಜಮಾನರು ಎದ್ದು ನಿಂತಿದ್ದರು. ಎದ್ದು ಹೊರಟೇಬಿಟ್ಟರು ಎಂದುಕೊಂಡೆ. ಅಪ್ಪ ಪುಸ್ತಕ ಮುಚ್ಚಿ ಏಳುತ್ತಿದ್ದದ್ದು ನೆನಪಾಯಿತು. ಆದರೆ ಅವರು ಬಾಗಿಲ ಕಡೆ ಹೋಗಲಿಲ್ಲ.

"ನಾನು ಹೋಮ ಮಾಡಿಸಿದವ," ಎಂದರು.

ಮಕ್ಕಳೆಲ್ಲ ಬೆಂಚಿನಲ್ಲಿ ಹಿಂದಕ್ಕೆ ತಿರುಗಿದರು.

"ಮರ ಕೊಡ್ಲಿಲ್ಲ. ಮನೆಯ ಅಕ್ಕಿ ಕೊಟ್ಟು ಸಣ್ಣದಾಗಿ ಮಾಡಿಸಿದೆ. ನೀವು ಹೇಳಿದ ಹಾಗೆ, ಅದರಿಂದ ಆಯಿತೋ ಇಲ್ಲವೋ ನನಗೂ ಗೊತ್ತಿಲ್ಲ." ಅವರು ಸ್ವಲ್ಪ ನಿಂತು, ಮುಂದಿನ ಕನ್ನಡ ಶಬ್ದಕ್ಕೆ ಕಾಯುವವರಂತೆ ಕೈ ನೋಡಿಕೊಂಡರು. "ಮನೆಯಲ್ಲಿ ತಂಗಿ, ಅವಳ ಮೂರು ಮಕ್ಕಳು. ಎಲ್ಲರೂ ನನ್ನ ಮುಖ ನೋಡುವುದು. ಏನಾದ್ರೂ ಆಗಿ, ಮಾಡುವುದು ಬಿಟ್ಟು ನಾನು ಸುಮ್ಮನೆ ಕೂತಿದ್ದೆ ಅಂತ ಆದ್ರೆ? ಅದಕ್ಕೆ ಮಾಡಿಸಿದೆ. ನೀವು ಎಲ್ಲವನ್ನೂ ಕೇಳಿದಿರಿ. ಮಾಡಿದವರಿಗೆ ಯಾಕೆ ಹಾಗೆ ಅನ್ನಿಸಿತು ಅಂತ ಮಾತ್ರ ಕೇಳ್ಲಿಲ್ಲ."

ಮಕ್ಕಳು ನನ್ನ ಮುಖ ನೋಡಿದರು. ಭಾನುವಾರ ಗಂಧ ಸವರಿಕೊಂಡ ನನ್ನ ಕೈ ನನಗೆ ನೆನಪಾಯಿತು. "ಹೌದು," ಎಂದೆ. "ಅದನ್ನು ಕೇಳಬೇಕಿತ್ತು. ಅದು ನಮಗೆ ಹೊಳೆಯಲಿಲ್ಲ."

ಹೋಟೆಲಿನವರ ಮಗ ಕೇಳಿದ, "ನಿಮಗೆ ಹೆದರಿಕೆ ಆಗಿತ್ತಾ?"

"ಆಗಿತ್ತು," ಎಂದರು ಅವರು. ಆ ವಾರ ಇಡೀ ಬಂಟ್ವಾಳದಲ್ಲಿ ಹಾಗೆಂದು ಒಪ್ಪಿಕೊಂಡ ಇನ್ನೊಬ್ಬ ದೊಡ್ಡವರನ್ನು ನಾನು ಕಾಣಲಿಲ್ಲ.

ಕೊಡೆ ತೆಗೆದುಕೊಂಡು ಹೊರಗೆ ಹೋದರು. ಹೆಡ್ಮಾಸ್ಟ್ರ ಕೋಣೆಗೆ ಹೋಗಲಿಲ್ಲ. ನೇರವಾಗಿ ಗೇಟು ದಾಟಿದರು. ಬರೆದ ಸರ್ಟಿಫಿಕೇಟು ಮೇಜಿನ ಮೇಲೆಯೇ ಉಳಿಯಿತು. ಅದರ ಅರ್ಥವೇನು ಎಂದು ಹೆಡ್ಮಾಸ್ಟ್ರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆ ವಾರ ಗಂಡನಿಗೆ ಬರಲಾಗದೆ ನಾನೇ ಹೋಗಿ, ಭಾನುವಾರ ಬೆಳ್ತಂಗಡಿಯಲ್ಲಿ ಅವರ ಬಿಡಾರದಲ್ಲಿದ್ದೆ. ಅನ್ನ ಬಡಿಸುತ್ತಾ, ನೀರು ಸೇದುತ್ತಾ ಅದನ್ನೇ ಯೋಚಿಸಿದೆ. ಗಂಡ ಸಾಕಾಗಿ, "ಅವಳು ಬಂದರೆ ಬರ್ತಾಳೆ, ನೀನು ಸ್ವಲ್ಪ ಕೂತುಕೋ," ಎಂದರು. ಕುಳಿತೆ. ಮತ್ತೆ ಎದ್ದೆ.

ಸೋಮವಾರ ಅವಳು ಬಂದಿದ್ದಳು. ತನ್ನ ಜಾಗದಲ್ಲಿ, ಎಂದಿನಂತೆ ಜಡೆಯ ತುದಿ ಹಿಡಿದುಕೊಂಡು.

"ಮಾವ ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ ಟೀಚರ್. ಬೆಳಗ್ಗೆ ಅಮ್ಮನ ಹತ್ತಿರ ಬುತ್ತಿ ಕಟ್ಟಲಿಕ್ಕೆ ಹೇಳಿದ್ರು."

ಯಜಮಾನರು ಅಂಗಳದಲ್ಲಿ ಕೇಳಿದ್ದ ಪ್ರಶ್ನೆ ನನ್ನಲ್ಲಿ ಇನ್ನೂ ಉಳಿದಿತ್ತು. ಆದ್ದರಿಂದ ಅವಳನ್ನು ಬದಿಗೆ ಕರೆದು ಹೇಳಿದೆ, "ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಆದರೆ ಇನ್ನೊಮ್ಮೆ ಹಾಗೆ ಏನಾದರೂ ಇದ್ದರೆ, ಹೊರಗಿನವರು ಹೋದ ಮೇಲೆ ಮಾವನ ಹತ್ತಿರ ಕೇಳು."

ಅವಳು ಯೋಚಿಸಿದಳು. ಎದುರುತ್ತರ ಕೊಡಬೇಕೆಂದಲ್ಲ, ನಿಜವಾಗಿಯೂ ಯೋಚಿಸಿ ಹೇಳಿದಳು: "ಅವ ಹೋದ ಮೇಲೆ ಕೇಳಿದ್ರೆ ಮರ ಹೋಗಿ ಆಗಿರ್ತಿತ್ತಲ್ಲ ಟೀಚರ್."

ಅದೂ ಸರಿ. ಇಷ್ಟು ವರ್ಷಗಳಾದ ಮೇಲೂ ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮಕ್ಕಳಿಗೆ ಕೇಳಲು ಕಲಿಸುವುದೆಂದರೆ ಕೇಳುವ ಹೊತ್ತನ್ನೂ ನಾವೇ ಗೊತ್ತುಮಾಡಿ ಕೊಡಬಹುದು ಎಂದು ತಿಳಿದಿದ್ದೆ. ಹಾಗಾಗುವುದಿಲ್ಲ. ಆದರೆ ಆ ವರ್ಷದಿಂದ ಕೊನೆಯ ಪಿರಿಯಡ್ಡಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ಗೊತ್ತಾದದ್ದು ಹೇಗೆ ಎಂದು ಕೇಳಿದ ಮೇಲೆ, ಹೇಳಿದವರಿಗೆ ಹಾಗೆ ಯಾಕೆ ಅನ್ನಿಸಿತು ಎಂದೂ ಕೇಳಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ್ದು. ಅದನ್ನು ಕೇಳುವಾಗ ಮಕ್ಕಳ ದನಿ ತಾನಾಗಿ ಸಣ್ಣದಾಗುತ್ತಿತ್ತು.

ಅವಳು ಪರೀಕ್ಷೆ ಬರೆದು ಪಾಸಾದಳು. ನನಗೆ ಬೇಸಿಗೆ ರಜೆಯಲ್ಲಿ ಗಂಡು ಮಗುವಾಯಿತು. ಬಾಣಂತನ ಮುಗಿದ ಮೇಲೆ ಮೂಡುಬಿದಿರೆಯ ಶಾಲೆಗೆ ವರ್ಗವಾಗಿ ಹೋದೆ. ಅಲ್ಲಿಯೂ ನನ್ನ ತರಗತಿ ಗಲಾಟೆಯದ್ದೆಂದೇ ಹೆಸರಾಯಿತು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರೊಬ್ಬರು, "ಶಿಸ್ತು ಸಾಲದು" ಎಂದು ಬರೆದು ಹೋದರು. ಗಲಾಟೆಯಲ್ಲಿ ಒಂದೆರಡು ಮಕ್ಕಳಾದರೂ ನಿಜವಾಗಿ ಯೋಚಿಸುತ್ತಿದ್ದಾರೆಯೇ, ಅಥವಾ ಎಲ್ಲರೂ ಬಾಯಿ ಜೋರು ಮಾಡಲು ಮಾತ್ರ ಕಲಿತರೇ ಎಂಬ ಸಂಶಯ ನನ್ನನ್ನು ಎಂದೂ ಬಿಡಲಿಲ್ಲ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಒಮ್ಮೆ ಬೆಳ್ತಂಗಡಿಯಿಂದ ಮಗನನ್ನು ಕರೆದುಕೊಂಡು ಮೂಡುಬಿದಿರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ಆ ಹುಡುಗಿಯ ಮಾವ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಬೆಳ್ತಂಗಡಿಯ ಕಚೇರಿಯಲ್ಲಿ ಏನೋ ಕೆಲಸ ಮುಗಿಸಿ, ಮೂಡುಬಿದಿರೆಯಿಂದಾಚೆ ಬೆಳುವಾಯಿಯ ನೆಂಟರ ಮನೆಗೆ ಹೊರಟಿದ್ದರು. ಈ ಸಲ ತುಳುವಿನಲ್ಲೇ ಮಾತಾಡಿದರು.

ನಾನು ಮೊದಲು ಕೇಳಿದ್ದು ಅವಳ ವಿಷಯ. ಮಂಗಳೂರಿನಲ್ಲಿ ಟೀಚರ್ ತರಬೇತಿ ಪಡೆಯುತ್ತಿದ್ದಾಳೆ ಎಂದರು.

"ನೀವೇ ಕಳಿಸಿದ್ದಾ?"

"ನಾನು ಬೇಡ ಅಂದಿದ್ದೆ. ಯಾಕೆ ಬೇಡ ಅಂತ ಕೇಳಿದಳು. ಕಾರಣ ಹೇಳಿದೆ. ಹೇಳಿದ್ದು ನನ್ನ ಕಿವಿಗೇ ಸರಿ ಕೇಳಿಸಲಿಲ್ಲ. ಇನ್ನೊಂದು ಹೇಳಿದೆ. ಅದೂ ಹಾಗೆಯೇ. ಆಮೇಲೆ ಅವಳು ಕೇಳಿದಳು, ನಿಮಗೆ ಹೆದರಿಕೆ ಆಗ್ತದಾ ಮಾವ ಅಂತ. ಆಗ ನಾನೇ ಪೆಟ್ಟಿಗೆ ಕಟ್ಟಿಕೊಟ್ಟೆ."

ಬಸ್ಸು ತಿರುವಿನಲ್ಲಿ ಓಲಾಡಿತು. ಅವರು ಎದುರಿನ ಕಂಬಿ ಹಿಡಿದುಕೊಂಡರು. ಮತ್ತೆ ತಿರುಗಿ, "ಅವಳು ರಜೆಯಲ್ಲಿ ಬಂದರೆ ಮನೆಯಲ್ಲಿ ಒಬ್ಬರಿಗೂ ಸುಖ ಇಲ್ಲ ಟೀಚರ್. ಉಪ್ಪು ಯಾಕೆ ಇಲ್ಲಿ ಇಟ್ಟದ್ದು ಅಂತ ಕೂಡ ಕೇಳ್ತಾಳೆ," ಎಂದರು.

ಅದು ದೂರೋ ಹೆಮ್ಮೆಯೋ ನನಗೆ ತಿಳಿಯಲಿಲ್ಲ. ಕೇಳಬಹುದಿತ್ತು. ಅಷ್ಟರಲ್ಲಿ ಮೂಡುಬಿದಿರೆ ಬಂತು, ಮಗ ಕೈಹಿಡಿದು ಎಳೆಯುತ್ತಿದ್ದ, ಕಂಡಕ್ಟರು ಬೇಗ ಇಳಿಯಿರಿ ಎನ್ನುತ್ತಿದ್ದ.